ಅಂಗಚಲನೆಯೂ ಕರ್ತೃತ್ವವೂ

ಇಷ್ಟಲಿಂಗವನ್ನು ಎಡಗೈಯ ಮೇಲೆ ಇರಿಸಿಕೊಂಡು, ಆ ಕೈಯನ್ನು ಕಣ್ಣಿನ ಮಟ್ಟಕ್ಕೆ ತಂದು, ದೃಷ್ಟಿಯನ್ನು ಲಿಂಗದಲ್ಲಿ ನೆಟ್ಟು ಕುಳಿತುಕೊಳ್ಳುವ ಪೂಜೆ ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಎಷ್ಟೋ ಮನೆಗಳಲ್ಲಿ ಬೆಳಗಿನ ಮೊದಲ ಕೆಲಸವಾಗಿ ಇಂದಿಗೂ ನಡೆದುಬರುತ್ತಿದೆ. ಹೊರಗೆ ನಿಂತು ನೋಡುವವನಿಗೆ ಅಲ್ಲಿ ಯಾವ ಚಲನೆಯೂ ಕಾಣಬರುವುದಿಲ್ಲ. ಬೆನ್ನು ನೆಟ್ಟಗಾಗಿ, ರೆಪ್ಪೆ ಅರೆಮುಚ್ಚಿ, ದೇಹವೆಲ್ಲವೂ ಒಂದು ಬಿಂದುವಿಗೆ ಅರ್ಪಿತವಾದಂತೆ ತೋರುವುದು. ಆದರೆ ಆ ಅಂಗೈಯ ಮೇಲೆ ಸೂಕ್ಷ್ಮಚಲನೆಯನ್ನು ಅಳೆಯುವ ಉಪಕರಣವೊಂದನ್ನು ಇಟ್ಟು ನೋಡಿದರೆ, ನಿರೋಗಿಯೂ ಯುವಕನೂ ದೃಢಚಿತ್ತನೂ ಆದ ಭಕ್ತನ ಕೈಯೂ ಸೆಕೆಂಡಿಗೆ ಸುಮಾರು ೮ರಿಂದ ೧೨ ಸಲ ಅತ್ಯಲ್ಪವಾಗಿ ಕಂಪಿಸುತ್ತಿರುವುದು ತಿಳಿದುಬರುತ್ತದೆ. ಕೈ ತಾನಿದ್ದಲ್ಲಿಯೇ ಇರಬೇಕಾದರೆ ಭುಜ, ತೋಳು, ಮುಂಗೈಗಳ ಅನೇಕ ಸ್ನಾಯುಗಳು ಎಡೆಬಿಡದೆ ದುಡಿಯಬೇಕು. ಅವು ಎಷ್ಟು ಬಿಗಿದಿವೆ, ಎಷ್ಟು ಸಡಿಲಿವೆ ಎಂಬ ವರ್ತಮಾನವು ಬೆನ್ನುಹುರಿಗೂ ಮೆದುಳಿಗೂ ಹೋಗಿ, ಮತ್ತೆ ಪ್ರೇರಣೆಯಾಗಿ ಸ್ನಾಯುಗಳಿಗೆ ಹಿಂದಿರುಗಬೇಕು. ಈ ಹೋಗಿಬರುವಿಕೆಯ ಲಯವೇ ಆ ಕಂಪನದ ಕಾರಣಗಳಲ್ಲಿ ಒಂದು. ಕಣ್ಣಿನ ವಿಷಯವು ಇನ್ನೂ ವಿಸ್ಮಯಕರವಾದುದು. ನೆಟ್ಟ ದೃಷ್ಟಿಯೂ ಸೆಕೆಂಡಿಗೆ ಒಂದೆರಡು ಬಾರಿ ಅತಿಸೂಕ್ಷ್ಮವಾಗಿ ಜಿಗಿಯುತ್ತಿರುತ್ತದೆ. ೧೯೫೦ರ ದಶಕದ ಆರಂಭದಲ್ಲಿ ಇಂಗ್ಲೆಂಡು ಅಮೆರಿಕಗಳ ವಿಜ್ಞಾನಿಗಳು, ಕಣ್ಣುಗುಡ್ಡೆಗೆ ಅಂಟಿಕೊಳ್ಳುವ ಮಸೂರದ ಸಹಾಯದಿಂದ, ವಸ್ತುವಿನ ಬಿಂಬವು ಅಕ್ಷಿಪಟಲದ ಒಂದೇ ಎಡೆಯಲ್ಲಿ ಕದಲದೆ ನಿಲ್ಲುವಂತೆ ಮಾಡಿದಾಗ, ಎದುರಿಗಿದ್ದ ವಸ್ತುವು ಕೆಲವೇ ಸೆಕೆಂಡುಗಳಲ್ಲಿ ಮಾಸಿ ಅಳಿದುಹೋಯಿತು. ಅಂದಮೇಲೆ ಕಣ್ಣು ನಿಜವಾಗಿಯೂ ನಿಶ್ಚಲವಾಗಿಬಿಟ್ಟರೆ ಲಿಂಗದರ್ಶನವೇ ಆಗಲಾರದು.

ನಿಶ್ಚಲತೆಯೆಂದು ನಾವು ತಿಳಿದಿರುವುದೇ ಹೀಗೆ ಅಸಂಖ್ಯ ಚಲನೆಗಳ ಸಮನ್ವಯವಾಗಿರುವಾಗ, ಆ ಚಲನೆಗಳನ್ನು ನಡೆಸುವವನು ಯಾರು ಎಂಬ ಪ್ರಶ್ನೆಯು ತಾನಾಗಿ ಏಳುವುದು. ಪೂಜೆಗೆ ಕುಳಿತವನನ್ನು ಕೇಳಿದರೆ ಕೈಯನ್ನು ಹಿಡಿದಿರುವವನು ನಾನೇ ಎನ್ನುವನು. ಆದರೆ ಒಂದೊಂದು ಸ್ನಾಯುವಿನ ಸೆಳೆತವನ್ನು ಆತನು ಅರಿತವನಲ್ಲ, ಬಯಸಿದವನೂ ಅಲ್ಲ. ನಮ್ಮ ದಾರ್ಶನಿಕರು ಈ ತೊಡಕನ್ನು ಬಲು ಹಿಂದೆಯೇ ಕಂಡಿದ್ದರು. ನ್ಯಾಯಸೂತ್ರಕಾರನಾದ ಗೌತಮನು ಶರೀರದ ಲಕ್ಷಣವನ್ನು ಹೇಳುವಾಗ ಎಲ್ಲಕ್ಕೂ ಮೊದಲು ಎಣಿಸುವುದು ಅದು ಚೇಷ್ಟೆಗೆ ಆಶ್ರಯವಾಗಿದೆಯೆಂಬುದನ್ನು; ಹಿತವಾದುದನ್ನು ಪಡೆಯುವುದಕ್ಕೂ ಅಹಿತವಾದುದನ್ನು ತೊರೆಯುವುದಕ್ಕೂ ನಡೆಯುವ ಕ್ರಿಯೆಯೇ ಅಲ್ಲಿ ಚೇಷ್ಟೆ. ಜ್ಞಾನದಿಂದ ಇಚ್ಛೆ, ಇಚ್ಛೆಯಿಂದ ಪ್ರಯತ್ನ, ಪ್ರಯತ್ನದಿಂದ ಅಂಗದ ಚಲನೆ ಎಂಬ ಸರಣಿಯನ್ನು ಆ ಪಂಥದವರು ನಿಶ್ಚಯಿಸಿದರು. ಹಾಗಾದರೆ ಮಲಗಿ ನಿದ್ರಿಸುವವನ ಉಸಿರಾಟಕ್ಕೆ ಏನು ಹೇಳುವುದು? ಅಲ್ಲಿ ಜ್ಞಾನವಿಲ್ಲ, ಇಚ್ಛೆಯೂ ಇಲ್ಲ. ವೈಶೇಷಿಕಾಚಾರ್ಯನಾದ ಪ್ರಶಸ್ತಪಾದನು ಇದನ್ನು ಮನಗಂಡು, ಪ್ರಯತ್ನವು ಎರಡು ಬಗೆಯದೆಂದನು: ಇಚ್ಛಾದ್ವೇಷಗಳಿಂದ ಹುಟ್ಟುವುದೊಂದು, ಬದುಕಿರುವಿಕೆಯಿಂದಲೇ ಹುಟ್ಟುವುದೊಂದು, ನಿದ್ರಿಸುವವನ ಪ್ರಾಣಾಪಾನಗಳನ್ನು ನಡೆಸುವುದು ಈ ಎರಡನೆಯದು. ನನಗೆ ಇಲ್ಲಿ ಮುಖ್ಯವಾಗಿ ತೋರುವುದೇನೆಂದರೆ, ನಿದ್ರೆಯ ಉಸಿರಾಟವನ್ನು ಆತನು ಬರಿಯ ಜಡಕ್ರಿಯೆಯೆಂದು ತಳ್ಳಿಹಾಕಲಿಲ್ಲ. ಅದನ್ನೂ ಪ್ರಯತ್ನವೆಂದೇ ಕರೆದನು, ಆತ್ಮದ ಗುಣಗಳ ಸಾಲಿನಲ್ಲಿಯೇ ಇರಿಸಿದನು. ಎಚ್ಚರದ ಸಂಕಲ್ಪಕ್ಕಿಂತ ಆಳದಲ್ಲಿ ದುಡಿಯುವ ಒಂದು ಕರ್ತೃತ್ವವುಂಟೆಂಬ ಸೂಚನೆ ಅಲ್ಲಿದೆ.

ಪ್ರಯೋಗಶಾಲೆಯು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಈಚೆಗೆ. ೧೮೭೦ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ಮೆದುಳಿನ ಹೊರಪದರದ ಒಂದು ಭಾಗಕ್ಕೆ ಮಂದವಾದ ವಿದ್ಯುತ್ತನ್ನು ಹಾಯಿಸಿದಾಗ ಎದುರು ಪಾರ್ಶ್ವದ ಕಾಲು ಅಲುಗಿತು. ೧೯೨೪ರಲ್ಲಿ ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರನು ಮನುಷ್ಯನ ತಲೆಯಿಂದ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದನು. ಇಂದು ಬೆಂಗಳೂರಿನ ನಿಮ್ಹಾನ್ಸಿಗೆ ಮೂರ್ಛೆರೋಗದ ಮಗುವನ್ನು ಕರೆದೊಯ್ಯುವ ಗುಬ್ಬಿಯ ರೈತನಿಗೂ ಇಇಜಿ ಎಂಬ ಆ ಪರೀಕ್ಷೆಯ ಪರಿಚಯವುಂಟು. ಸುಮ್ಮನಿರುವ ಕೈಗೆ ಸಂಬಂಧಿಸಿದ ಮೆದುಳಿನ ಎಡೆಯಲ್ಲಿ ಸೆಕೆಂಡಿಗೆ ಹತ್ತರ ಆಸುಪಾಸಿನ ನಿಧಾನವಾದ ಅಲೆಗಳು ಒಂದೇ ಹದದಲ್ಲಿ ಏಳುತ್ತಿರುತ್ತವೆ. ಕೈ ಅಲುಗುವುದಕ್ಕೆ ಸ್ವಲ್ಪ ಮುಂಚೆಯೇ ಅವು ಕುಗ್ಗುತ್ತವೆ, ಚಲನೆ ಮುಗಿದಮೇಲೆ ಮತ್ತೆ ಏಳುತ್ತವೆ. ಮಾಂಟ್ರಿಯಲ್ಲಿನ ಶಸ್ತ್ರವೈದ್ಯನಾದ ವೈಲ್ಡರ್ ಪೆನ್‌ಫೀಲ್ಡನು ಮೂರ್ಛೆರೋಗಿಗಳು ಎಚ್ಚರವಾಗಿರುವಾಗಲೇ ಅವರ ಮೆದುಳನ್ನು ವಿದ್ಯುತ್ತಿನಿಂದ ಮುಟ್ಟಿ, ಯಾವ ಅಂಗಕ್ಕೆ ಯಾವ ಎಡೆಯೆಂಬ ನಕ್ಷೆಯನ್ನು ಬರೆದನು. ಆತನು ಮುಟ್ಟಿದಾಗ ರೋಗಿಯ ಕೈ ಮೇಲೇಳುತ್ತಿತ್ತು. ಆದರೆ ರೋಗಿಯು, ಇದನ್ನು ನಾನು ಮಾಡಲಿಲ್ಲ, ನೀವೇ ಮಾಡಿದಿರಿ ಎನ್ನುತ್ತಿದ್ದನು. ಕೈ ಅವನದೇ, ಮೆದುಳೂ ಅವನದೇ. ಕ್ರಿಯೆಯು ಮಾತ್ರ ಅವನದಲ್ಲ.

ಇದಕ್ಕಿಂತ ಹೆಚ್ಚಿನ ಕೋಲಾಹಲವನ್ನು ಎಬ್ಬಿಸಿದುದು ೧೯೮೩ರಲ್ಲಿ ಬೆಂಜಮಿನ್ ಲಿಬೆಟ್ಟನು ಪ್ರಕಟಿಸಿದ ಪ್ರಯೋಗ. ಮನಸ್ಸು ಬಂದಾಗ ಕೈಯನ್ನು ಅಲುಗಿಸಿರೆಂದು ಹೇಳಿ, ಆ ಮನಸ್ಸು ಬಂದ ಗಳಿಗೆಯನ್ನು ಗಡಿಯಾರದಂತಹ ಒಂದು ಫಲಕದಲ್ಲಿ ಗುರುತಿಸಿಕೊಳ್ಳಿರೆಂದು ಆತನು ಜನರನ್ನು ಕೇಳಿದನು. ಚಲನೆಗೆ ಸುಮಾರು ೨೦೦ ಮಿಲಿಸೆಕೆಂಡು ಮುಂಚೆ ತಮಗೆ ಇಚ್ಛೆಯುಂಟಾಯಿತೆಂದು ಅವರು ಹೇಳಿದರು. ಆದರೆ ಮೆದುಳಿನ ಸಿದ್ಧತೆಯ ಅಲೆಯು ಸುಮಾರು ೫೫೦ ಮಿಲಿಸೆಕೆಂಡು ಮುಂಚೆಯೇ ಮೊದಲಾಗಿತ್ತು. ಮೆದುಳು ಮೊದಲು ತೊಡಗುವುದು, ನಾನೆಂಬುವನು ಆಮೇಲೆ ಎಚ್ಚರಗೊಂಡು ಅದನ್ನು ತನ್ನದೆಂದುಕೊಳ್ಳುವುದು ಎಂದು ಅನೇಕರು ಇದರಿಂದ ತೀರ್ಮಾನಿಸಿದರು. ಸ್ವತಂತ್ರೇಚ್ಛೆಯು ಭ್ರಮೆಯೆಂಬ ಸಿದ್ಧಾಂತಕ್ಕೆ ಅದು ದೊಡ್ಡ ಆಧಾರವಾಯಿತು. ಆ ಸಿದ್ಧತೆಯ ಅಲೆಯು ನಿರ್ಣಯದ ಗುರುತಾಗಿರಬೇಕಿಲ್ಲ, ಮೆದುಳಿನಲ್ಲಿ ಸದಾ ನಡೆಯುವ ಏರಿಳಿತವು ಯದೃಚ್ಛೆಯಾಗಿ ಒಂದು ಮಟ್ಟವನ್ನು ಮುಟ್ಟಿದುದರ ಗುರುತಾಗಿರಬಹುದು ಎಂದು ೨೦೧೨ರಲ್ಲಿ ಶುರ್ಗರ್ ಮೊದಲಾದವರು ವಾದಿಸಿದರು. ಆ ವಾದವು ಬೆಲೆಯುಳ್ಳದ್ದೇ. ಆದರೆ ನನ್ನ ಆಕ್ಷೇಪಣೆಯು ಬೇರೊಂದು ಕಡೆಯಿಂದ ಬರುವುದು. ಕುರ್ಚಿಯ ಮೇಲೆ ಕುಳಿತು, ಏತಕ್ಕೂ ಅಲ್ಲದೆ, ಯಾರಿಗೂ ಅಲ್ಲದೆ, ಕೈಯನ್ನು ಸುಮ್ಮನೆ ಅಲುಗಿಸುವ ಕ್ರಿಯೆಯು ಮನುಷ್ಯನ ಜೀವನದಲ್ಲಿ ಎಲ್ಲಿಯಾದರೂ ಕಾಣಬರುವುದೇ? ಗೌತಮನು ಹೇಳಿದ ಹಿತಾಹಿತಗಳೆರಡನ್ನೂ ತೆಗೆದುಹಾಕಿ ಉಳಿದ ಚಲನೆಯಲ್ಲಿ ಕರ್ತೃವನ್ನು ಅರಸಹೊರಟು, ಕರ್ತೃವು ಸಿಗಲಿಲ್ಲವೆಂದರೆ, ಅದರಿಂದ ಸಿದ್ಧವಾಗುವುದು ಅತ್ಯಲ್ಪ.

ಆದುದರಿಂದಲೇ ಸಹಜವಾದ ಚಲನೆಯನ್ನು ಕುರಿತ ಈಚಿನ ಸಂಶೋಧನೆಗಳು ನನಗೆ ಹೆಚ್ಚು ಗಂಭೀರವಾಗಿ ತೋರಿವೆ. ಅಮೆರಿಕದ ಸಿಯಾಟಲ್ಲಿನ ವಿಜ್ಞಾನಿಗಳು, ಚಿಕಿತ್ಸೆಗಾಗಿ ಮೆದುಳಿನ ಮೇಲ್ಮೈಯಲ್ಲಿ ಎಲೆಕ್ಟ್ರೋಡುಗಳನ್ನು ಇರಿಸಿಕೊಂಡು ಆಸ್ಪತ್ರೆಯಲ್ಲಿ ಕೆಲವು ದಿನಗಳನ್ನು ಕಳೆಯಬೇಕಾಗಿದ್ದ ೧೨ ಮಂದಿ ಮೂರ್ಛೆರೋಗಿಗಳನ್ನು, ಅವರಿಗೆ ಯಾವ ಕೆಲಸವನ್ನೂ ಗೊತ್ತುಮಾಡದೆ, ಕ್ಯಾಮೆರಾದ ಕಣ್ಣಿನಿಂದ ನೋಡುತ್ತ ಹೋದರು. ೨೦೨೧ರಲ್ಲಿ ಅದರ ಫಲಿತವನ್ನು ಪ್ರಕಟಿಸಿದರು. ಊಟಮಾಡುವುದು, ಮಾತನಾಡುತ್ತ ಕೈಯಾಡಿಸುವುದು, ಹಾಸಿಗೆಯ ಪಕ್ಕದ ವಸ್ತುವನ್ನು ತೆಗೆದುಕೊಳ್ಳುವುದು, ಇಂತಹ ಸಾವಿರಾರು ಚಲನೆಗಳ ಆರಂಭದಲ್ಲಿ ಮೆದುಳಿನ ನಿಧಾನವಾದ ಲಯಗಳು ಕುಗ್ಗುವುದೂ ವೇಗವಾದ ಲಯಗಳು ಏರುವುದೂ ಪ್ರಯೋಗಶಾಲೆಯ ನಿಯಮಬದ್ಧ ಚಲನೆಗಳಲ್ಲಿ ಕಂಡಂತೆಯೇ ಕಂಡವು. ಆದರೆ ಒಂದು ಸಲ ಕಂಡ ಆಕೃತಿಯು ಮತ್ತೊಂದು ಸಲಕ್ಕೆ ಹಾಗೆಯೇ ಬರಲಿಲ್ಲ. ಒಂದೇ ಮನುಷ್ಯನು ಒಂದೇ ಕೈಯನ್ನು ಚಾಚಿದರೂ ಪ್ರತಿ ಸಲವೂ ಅದರ ಪ್ರಮಾಣದಲ್ಲಿ ಭೇದವಿತ್ತು. ೨೦೧೯ರಲ್ಲಿ ಇಲಿಗಳನ್ನು ಕುರಿತು ಪ್ರಕಟವಾದ ಇನ್ನೊಂದು ಅಧ್ಯಯನವು ಇದಕ್ಕಿಂತ ಮುಂದೆ ಹೋಯಿತು. ಕತ್ತಲೆಯಲ್ಲಿ ಏನನ್ನೂ ನೋಡದೆ ಇರುವ ಇಲಿಯ ಮೆದುಳಿನಲ್ಲಿ, ದೃಷ್ಟಿಗೆ ಮೀಸಲಾದ ಭಾಗದ ಸುಮಾರು ಹತ್ತು ಸಾವಿರ ನರಕೋಶಗಳು ಸುಮ್ಮನಿರದೆ ತಮ್ಮಷ್ಟಕ್ಕೆ ತಾವು ಮಿಡಿಯುತ್ತಿದ್ದುವು. ಅರ್ಥವಿಲ್ಲದ ಗದ್ದಲವೆಂದು ಹಿಂದೆ ತಿಳಿಯಲಾಗಿದ್ದ ಆ ಮಿಡಿತದ ಗಣನೀಯವಾದ ಒಂದು ಪಾಲು, ಇಲಿಯ ಮೀಸೆ, ಮೂಗು, ಮುಖಗಳ ಆ ಗಳಿಗೆಯ ಅಲುಗಾಟವನ್ನೇ ಅನುಸರಿಸುತ್ತಿತ್ತು. ಎಂದರೆ, ನೋಡುವುದಕ್ಕೆಂದು ಇರುವ ಎಡೆಯೂ ಮುಖದ ಚಲನೆಯನ್ನು ಒಳಗೊಂಡೇ ಬಾಳುತ್ತಿದೆ. ಅಪ್ಪಣೆ ಕೊಡುವ ಮೆದುಳು ಒಂದು ಕಡೆ, ಪಾಲಿಸುವ ದೇಹವು ಮತ್ತೊಂದು ಕಡೆ ಎಂಬ ವಿಭಾಗವು ಅಲ್ಲಿ ನಿಲ್ಲಲಾರದು.

ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ, ಗೂಳೂರಿನ ಸಮೀಪದಲ್ಲಿ, ಕೈದಾಳವೆಂಬ ಗ್ರಾಮವುಂಟು. ಅಲ್ಲಿಯ ಚೆನ್ನಕೇಶವ ದೇವಾಲಯವು ಹೊಯ್ಸಳರ ಕಾಲದ್ದು. ಅದಕ್ಕೆ ಹೊಂದಿಕೊಂಡ ಜಕಣಾಚಾರಿಯ ಕಥೆಯನ್ನು ಕೇಳದ ಕನ್ನಡಿಗನಿರಲಾರನು. ಬೇಲೂರಿನ ವಿಗ್ರಹದಲ್ಲಿ ದೋಷವುಂಟೆಂದು ಎಳೆಯ ಶಿಲ್ಪಿಯೊಬ್ಬನು ತೋರಿಸಿಕೊಡಲು, ಆಡಿದ ಮಾತಿಗೆ ಕಟ್ಟುಬಿದ್ದು ಹಿರಿಯ ಶಿಲ್ಪಿಯು ತನ್ನ ಬಲಗೈಯನ್ನು ತಾನೇ ಕತ್ತರಿಸಿಕೊಂಡನೆಂದೂ, ಹುಟ್ಟೂರಾದ ಇಲ್ಲಿ ಕೇಶವನಿಗೆ ಗುಡಿಯನ್ನು ಕಟ್ಟಿದಾಗ ಆ ಕೈ ಮರಳಿ ಬಂದಿತೆಂದೂ ಐತಿಹ್ಯವು ಹೇಳುವುದು. ಹೊಯ್ಸಳರ ಶಿಲ್ಪಗಳ ಮೇಲೆ ದಾಸೋಜ, ಚಾವಣ, ಮಲ್ಲಿತಮ್ಮ ಮೊದಲಾದ ರೂವಾರಿಗಳ ಹೆಸರುಗಳು ಕಾಣಬರುವಂತೆ ಜಕಣಾಚಾರಿಯ ಹೆಸರು ಕಾಣಬರುವುದಿಲ್ಲವೆಂಬುದನ್ನು ಇತಿಹಾಸಜ್ಞರು ಎತ್ತಿತೋರಿಸಿದ್ದಾರೆ. ನಾನು ಐತಿಹ್ಯವನ್ನು ಇತಿಹಾಸವೆಂದು ಸಾಧಿಸಹೊರಟಿಲ್ಲ. ಆ ಕಥೆಯು ಕೇಳುವ ಪ್ರಶ್ನೆ ಮಾತ್ರ ನನ್ನನ್ನು ಬಿಡದೆ ಹಿಡಿದಿದೆ: ಕೈ ಹೋದ ಶಿಲ್ಪಿಯು ಹೇಗೆ ಗುಡಿಯನ್ನು ಕಟ್ಟಿದನು? ಶಿಲ್ಪವು ಕೈಯಲ್ಲಿ ಇದ್ದಿತೆಂದರೆ ಕೈಯೊಡನೆಯೇ ಅದು ಹೋಗಬೇಕಾಗಿದ್ದಿತು.

೧೯೨೦ರ ದಶಕದಲ್ಲಿ ಮಾಸ್ಕೋ ನಗರದ ನಿಕೊಲಾಯ್ ಬರ್ನ್‌ಸ್ಟೈನನು, ಉಳಿಯ ಮೇಲೆ ಸುತ್ತಿಗೆಯಿಂದ ಹೊಡೆಯುವ ನುರಿತ ಕೆಲಸಗಾರರ ತೋಳುಗಳಿಗೆ ಸಣ್ಣ ದೀಪಗಳನ್ನು ಕಟ್ಟಿ, ಅವರ ಚಲನೆಯನ್ನು ಛಾಯಾಚಿತ್ರಗಳಲ್ಲಿ ಹಿಡಿದನು. ಸುತ್ತಿಗೆಯ ತುದಿಯು ಪ್ರತಿ ಹೊಡೆತದಲ್ಲಿಯೂ ಬಹುಮಟ್ಟಿಗೆ ಒಂದೇ ಹಾದಿಯನ್ನು ಹಿಡಿಯುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಬಾಗುವಿಕೆಯು ಹೊಡೆತದಿಂದ ಹೊಡೆತಕ್ಕೆ ಬೇರೆಬೇರೆಯಾಗಿತ್ತು. ಒಂದು ಕೀಲಿನ ತಪ್ಪನ್ನು ಮತ್ತೊಂದು ಕೀಲು ತುಂಬಿಕೊಡುತ್ತಿತ್ತು. ಮೆದುಳು ಒಂದೊಂದು ಸ್ನಾಯುವಿಗೂ ಬಿಡಿಬಿಡಿಯಾಗಿ ಅಪ್ಪಣೆಯನ್ನು ಹೊರಡಿಸುವುದಾದರೆ ಹೀಗಾಗಲಾರದು. ಕಾಯ್ದುಕೊಂಡದ್ದು ಉದ್ದೇಶವನ್ನು, ಅಂಗಗಳಿಗೆ ಕೊಟ್ಟದ್ದು ಸ್ವಾತಂತ್ರ್ಯವನ್ನು. ಮುಂದೆ ೧೯೮೨ರಲ್ಲಿ ಜಾರ್ಜೊಪೌಲಸ್ ಮತ್ತು ಸಂಗಡಿಗರು ಕೋತಿಯ ಮೆದುಳಿನಲ್ಲಿ ಕಂಡ ನರಕೋಶಗಳೂ ಈ ಮಾತನ್ನೇ ಎತ್ತಿಹಿಡಿದುವು: ಕೈ ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಯಾವ ಒಂದು ಕೋಶವೂ ತಾನಾಗಿ ಹೇಳುವುದಿಲ್ಲ, ಬಹು ಕೋಶಗಳ ಒಲವುಗಳನ್ನು ಕೂಡಿಸಿದಾಗ ದಿಕ್ಕು ಹೊರಡುತ್ತದೆ. ೨೦೦೬ರಲ್ಲಿ, ಕುತ್ತಿಗೆಯಿಂದ ಕೆಳಗೆ ಸ್ವಾಧೀನವನ್ನು ಕಳೆದುಕೊಂಡು ಮೂರು ವರ್ಷಗಳಾಗಿದ್ದ ಒಬ್ಬ ಅಮೆರಿಕನ್ ತರುಣನ ಮೆದುಳಿನಲ್ಲಿ ೯೬ ಎಲೆಕ್ಟ್ರೋಡುಗಳ ಒಂದು ಸಣ್ಣ ಫಲಕವನ್ನು ಇರಿಸಿದ ವರದಿಯು ಪ್ರಕಟವಾಯಿತು. ಆತನು ಕೈಯನ್ನು ಆಡಿಸುವಂತೆ ಮನಸ್ಸಿನಲ್ಲಿ ಎಣಿಸಿದಾಗ, ಅಲುಗದ ಕೈಗಾಗಿ ಆ ನರಕೋಶಗಳು ಇನ್ನೂ ಮಿಡಿಯುತ್ತಿದ್ದುವು. ಆ ಮಿಡಿತದಿಂದ ಕಂಪ್ಯೂಟರಿನ ತೆರೆಯ ಮೇಲಿನ ಗುರುತು ಸರಿದಾಡಿತು, ಕೃತಕವಾದ ಹಸ್ತವೊಂದು ತೆರೆದು ಮುಚ್ಚಿತು. ಕೈದಾಳದ ಕಥೆಯನ್ನು ಕಟ್ಟಿದ ಜನಮನಸ್ಸು ಇದನ್ನು ಯಾವುದೋ ರೀತಿಯಲ್ಲಿ ಬಲ್ಲದಾಗಿತ್ತೆಂದು ನನಗೆ ತೋರುವುದು. ಬಹುಕಾಲ ದುಡಿದ ಕೈಯ ವಿದ್ಯೆಯು ಕೈಯನ್ನು ಮೀರಿ ನಿಲ್ಲುತ್ತದೆ. ಅದಕ್ಕೆ ಬೇಕಾದುದು ಮತ್ತೊಂದು ಕೈ.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಜೀವನ ಕರ್ತೃತ್ವವನ್ನು ವಿಚಾರಿಸುವ ಭಾಗದಲ್ಲಿ ಬಡಗಿಯ ದೃಷ್ಟಾಂತವೊಂದು ಬರುತ್ತದೆ. ಬಾಚಿ ಮೊದಲಾದ ಉಪಕರಣಗಳನ್ನು ಹಿಡಿದಾಗ ಆತನು ಕರ್ತೃ, ಅವನ್ನು ಬದಿಗಿಟ್ಟು ಮನೆಯಲ್ಲಿ ವಿಶ್ರಮಿಸುವಾಗ ಅಕರ್ತೃ. ಆತ್ಮವೂ ಹಾಗೆಯೇ ಬುದ್ಧ್ಯಾದಿ ಉಪಾಧಿಗಳೊಡಗೂಡಿ ಕರ್ತೃವಾಗುವುದು, ಸ್ವರೂಪದಿಂದ ಅಲ್ಲ ಎಂಬುದು ಶಂಕರರ ವ್ಯಾಖ್ಯಾನ. ಆಚಾರ್ಯರ ಸಿದ್ಧಾಂತದ ಪರಮಾರ್ಥವನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ದೃಷ್ಟಾಂತದ ಮಟ್ಟಿಗೆ ಒಂದು ಮಾತನ್ನು ಹೇಳಬಯಸುತ್ತೇನೆ. ಮೂವತ್ತು ವರ್ಷ ಬಾಚಿ ಹಿಡಿದ ಬಡಗಿಯು ಬಾಚಿಯನ್ನು ಬದಿಗಿಟ್ಟಾಗಲೂ ಬಾಚಿ ಹಿಡಿಯದವನಂತೆ ಆಗಿಬಿಡುವುದಿಲ್ಲ. ಮರವನ್ನು ನೋಡುವ ಅವನ ಕಣ್ಣಿನಲ್ಲಿ, ಗೋಡೆಗೆ ಒರಗಿದ ಅವನ ಭುಜದಲ್ಲಿ, ಆ ಬಾಚಿಯ ಸಂಸ್ಕಾರವು ನಿಂತಿರುತ್ತದೆ. ಉಪಕರಣವು ಉಪಕರಣವಾಗಿಯೇ ಉಳಿಯದೆ ಕರ್ತೃವನ್ನು ರೂಪಿಸುವುದೆಂಬುದು ವ್ಯವಹಾರದ ಭೂಮಿಯಲ್ಲಿ ಅಲ್ಲಗಳೆಯಲಾಗದ ಸಂಗತಿ.

ಕುಣಿಗಲಿನ ಕುದುರೆ ಫಾರಂ ಹೈದರ್ ಟಿಪ್ಪುಗಳ ಕಾಲದಿಂದ ನಡೆದುಬಂದುದೆಂದು ಪ್ರಸಿದ್ಧವಾದುದು. ಅಂದು ದಂಡಿಗೆ, ಆಮೇಲೆ ಪಂದ್ಯಕ್ಕೆ, ತಲೆಮಾರುಗಳಿಂದ ಅಲ್ಲಿ ಕುದುರೆಗಳು ಹುಟ್ಟುತ್ತ ಬಂದಿವೆ. ಸುಮಾರು ಹನ್ನೊಂದು ತಿಂಗಳು ತಾಯಿಯ ಗರ್ಭದಲ್ಲಿದ್ದ ಮರಿಯು ಭೂಮಿಗೆ ಬಿದ್ದ ಒಂದೆರಡು ಗಂಟೆಗಳಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತು ಹಾಲಿಗಾಗಿ ನಡೆಯುತ್ತದೆ. ಯಾರೂ ಅದಕ್ಕೆ ಕಲಿಸಲಿಲ್ಲ. ಹೆಜ್ಜೆಯ ಲಯವನ್ನು ಹುಟ್ಟಿಸುವ ನರಜಾಲವು ಬೆನ್ನುಹುರಿಯಲ್ಲಿಯೇ ಇದೆಯೆಂಬುದನ್ನು ೧೯೧೧ರಲ್ಲಿ ಗ್ರಹಾಂ ಬ್ರೌನನು, ಮೆದುಳಿನ ಸಂಬಂಧವು ಕಡಿದ ಬೆಕ್ಕುಗಳಲ್ಲಿ ತೋರಿಸಿಕೊಟ್ಟನು. ಪ್ರಶಸ್ತಪಾದನು ಹೇಳಿದ, ಬದುಕಿರುವಿಕೆಯಿಂದಲೇ ಹುಟ್ಟುವ ಪ್ರಯತ್ನಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಸಿಗಲಾರದು. ಮನುಷ್ಯನ ಮಗುವಿಗಾದರೋ ಮೊದಲ ಹೆಜ್ಜೆಗೆ ಹೆಚ್ಚುಕಡಿಮೆ ಒಂದು ವರ್ಷ ಬೇಕು; ಅನ್ನದ ತುತ್ತನ್ನು ಚೆಲ್ಲದೆ ಬಾಯಿಗಿಡಲು ಇನ್ನೂ ಹೆಚ್ಚು ಕಾಲ ಬೇಕು. ಕುದುರೆಗೆ ಪ್ರಕೃತಿಯು ಕೊಟ್ಟುಕಳುಹಿಸಿದುದನ್ನು ನಮಗೆ ಕೊಡದೆ, ಬಿದ್ದು ಎದ್ದು ಗಳಿಸಿಕೊಳ್ಳುವ ಭಾರವನ್ನು ಕೊಟ್ಟಿತು. ಆದುದರಿಂದ ಮನುಷ್ಯನಲ್ಲಿ ಸಹಜವೆಂದು ತೋರುವ ಚಲನೆಯಲ್ಲಿ ಬಹುಭಾಗವು ಅಭ್ಯಾಸದಿಂದ ಸಹಜವಾದದ್ದು.

ಹೀಗೆ ಗಳಿಸಿದ ಸಹಜತೆಯನ್ನು ನೋಡಬೇಕಾದರೆ ಗುಬ್ಬಿಗೆ ಬರಬೇಕು. ೧೮೮೪ರಲ್ಲಿ ಗುಬ್ಬಿ ಶ್ರೀ ಚೆನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಹುಟ್ಟಿತು. ೧೮೯೧ರಲ್ಲಿ ಹುಟ್ಟಿದ ವೀರಣ್ಣನವರು ಎಳೆಯ ವಯಸ್ಸಿನಲ್ಲಿಯೇ ಬಾಲನಟರಾಗಿ ಆ ಸಂಘವನ್ನು ಸೇರಿ, ಮುಂದೆ ಅದರ ಒಡ್ಡೋಲಗವನ್ನೇ ಕನ್ನಡ ನಾಡಿನುದ್ದಕ್ಕೂ ನಡೆಸಿದರು. ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ವೈಭವವನ್ನು ಜನ ಇಂದಿಗೂ ಕೊಂಡಾಡುವುದುಂಟು; ನನಗೆ ಅದಕ್ಕಿಂತ ಹಿರಿದಾಗಿ ತೋರುವುದು ಕಂಪನಿಯ ನಿತ್ಯದ ಶಿಸ್ತು. ಕಂಪನಿಯೊಡನೆ ಊರಿಂದೂರಿಗೆ ಹೋಗುತ್ತ, ಹಗಲು ತಾಲೀಮು, ಇರುಳು ಆಟ, ಹಿರಿಯ ನಟರ ಕಾಲಿನ ನಡೆಯನ್ನೂ ಕತ್ತಿನ ಓಲುವಿಕೆಯನ್ನೂ ಪಕ್ಕದ ಪರದೆಯ ಮರೆಯಿಂದ ನೋಡಿ ನೋಡಿ ಮೈಗೂಡಿಸಿಕೊಂಡ ಹುಡುಗರೇ ಮುಂದೆ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಬಿ. ವಿ. ಕಾರಂತ ಎಂದು ನಾಡಿಗೆ ಪರಿಚಿತರಾದರು. ವೀರಣ್ಣನವರು ಹಾಸ್ಯನಟರಾಗಿ ಹೆಸರಾದವರು. ಹಾಸ್ಯದಲ್ಲಿ ಅರೆಗಳಿಗೆಯ ತಡವಾದರೂ ಸಭೆ ನಗುವುದಿಲ್ಲ. ಆ ಅರೆಗಳಿಗೆಯನ್ನು ನಟನು ರಂಗದ ಮೇಲೆ ನಿಂತು ಲೆಕ್ಕಹಾಕುವುದೂ ಸಾಧ್ಯವಿಲ್ಲ. ಲಿಬೆಟ್ಟನ ಗಡಿಯಾರವನ್ನು ಅಲ್ಲಿ ಇರಿಸಿದ್ದರೆ, ನಟನ ಅರಿವಿಗಿಂತ ಮುಂಚೆ ಅವನ ಮೆದುಳು ತೊಡಗಿದ್ದುದು ನಿಸ್ಸಂದೇಹವಾಗಿ ಕಂಡುಬರುತ್ತಿತ್ತು. ಹಾಗೆಂದು ಆ ಅಭಿನಯವು ವೀರಣ್ಣನವರದಲ್ಲವೆಂದು ಯಾರು ಹೇಳಿಯಾರು? ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಕಲೆಯೇ ಕಾಯಕ’. ಮೈಯನ್ನು ದಿನದಿನವೂ ತೊಡಗಿಸಿ ಪಡೆದುಕೊಂಡದ್ದು, ಅರಿವಿಗಿಂತ ಮುಂಚೆ ನಡೆದರೂ, ಪಡೆದವನದೇ.

ನಟನ ಮಾತು ಹಾಗಿರಲಿ, ನೋಟಕನ ವಿಷಯವೂ ಇಲ್ಲಿ ನೆನೆಯತಕ್ಕದ್ದು. ೧೯೫೪ರಲ್ಲಿ ಫ್ರಾನ್ಸಿನ ಗಾಸ್ಟೋ ಮತ್ತು ಬೆರ್ ಎಂಬವರು, ಚಲನಚಿತ್ರವನ್ನು ನೋಡುತ್ತ ಸುಮ್ಮನೆ ಕುಳಿತವರ ಇಇಜಿಯಲ್ಲಿಯೂ, ತೆರೆಯ ಮೇಲೆ ಮುಷ್ಟಿಯುದ್ಧ ನಡೆಯುವಾಗ, ತಮ್ಮ ಕೈಯನ್ನೇ ಆಡಿಸಿದರೆ ಕುಗ್ಗುವ ಆ ಅಲೆಗಳು ಕುಗ್ಗುವುದನ್ನು ಕಂಡರು. ಅಭಿನವಗುಪ್ತನು ಹೇಳುವ ಸಾಧಾರಣೀಕರಣಕ್ಕೆ, ಎಂದರೆ ರಂಗದ ಮೇಲಿನ ಭಾವವು ಇವನದು ಅವನದು ಎಂಬ ಎಲ್ಲೆಯನ್ನು ಮೀರಿ ಸಹೃದಯನದಾಗುವುದಕ್ಕೆ, ಶರೀರದಲ್ಲಿಯೂ ಒಂದು ಬೇರುಂಟೆಂದು ಇದರಿಂದ ತೋರುವುದು. ರಸತತ್ತ್ವವು ಇದರಿಂದಲೇ ತೀರಿತೆಂದು ಮಾತ್ರ ನಾನು ಹೇಳಲಾರೆ.

ಅಭ್ಯಾಸವು ಎಲ್ಲಿ ನಿಲ್ಲುತ್ತದೆಯೆಂಬುದಕ್ಕೆ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ನನ ವೃತ್ತಾಂತವು ದೊಡ್ಡ ಸಾಕ್ಷಿ. ೧೯೫೩ರಲ್ಲಿ ಮೂರ್ಛೆರೋಗದ ನಿವಾರಣೆಗಾಗಿ ಆತನ ಮೆದುಳಿನ ಎರಡು ಪಾರ್ಶ್ವಗಳಿಂದಲೂ ಸ್ವಲ್ಪ ಭಾಗವನ್ನು ತೆಗೆದ ಮೇಲೆ, ಹೊಸದಾಗಿ ನಡೆದ ಯಾವುದೂ ಆತನ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು, ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಆಕೃತಿಯನ್ನು ಬರೆಯುವ ಕೆಲಸವನ್ನು ಆತನಿಗೆ ಮೂರು ದಿನ ಕೊಟ್ಟಳು. ದಿನದಿಂದ ದಿನಕ್ಕೆ ಆತನ ಕೈ ಪಳಗಿತು. ಆದರೆ ಆ ಕೆಲಸವನ್ನು ಹಿಂದೆಂದಾದರೂ ಮಾಡಿದ ನೆನಪು ಆತನಿಗೆ ಇರಲಿಲ್ಲ. ಸ್ಮೃತಿಯು ಅಳಿದರೂ ಸಂಸ್ಕಾರವು ಉಳಿಯಿತು. ಚಲನೆಯನ್ನು ತಿದ್ದಿ ಹದಗೊಳಿಸುವುದರಲ್ಲಿ ಮುಖ್ಯವಾದ ಪಾತ್ರವುಳ್ಳ ಕಿರುಮೆದುಳೊಂದರಲ್ಲಿಯೇ, ಮೆದುಳಿನ ಸುಮಾರು ೮,೬೦೦ ಕೋಟಿ ನರಕೋಶಗಳ ಪೈಕಿ ೬,೯೦೦ ಕೋಟಿಯಷ್ಟು ಇವೆಯೆಂಬ ಎಣಿಕೆಯನ್ನು ನೋಡಿದರೆ, ಪ್ರಕೃತಿಯು ಈ ಮೂಕವಿದ್ಯೆಗೆ ಎಷ್ಟು ದೊಡ್ಡ ಭಂಡಾರವನ್ನು ತೆರೆದಿಟ್ಟಿದೆಯೆಂಬುದು ತಿಳಿಯುವುದು.

ಇಷ್ಟನ್ನೂ ಕೂಡಿಸಿ ನಾನು ಹೇಳಬಯಸುವುದು ಇದು: ಕರ್ತೃತ್ವವನ್ನು ಚಲನೆಗೆ ಮುಂಚಿನ ಅರೆಸೆಕೆಂಡಿನಲ್ಲಿ ಹುಡುಕುವುದೇ ತಪ್ಪಾದ ಹುಡುಕಾಟ. ಮನುಷ್ಯನು ತನ್ನ ಕ್ರಿಯೆಗೆ ಒಡೆಯನಾಗುವುದು ವರ್ಷಗಳ ಮೇಲೆ ಹರಡಿದ ವ್ಯಾಪಾರದಿಂದ. ಯಾವುದನ್ನು ಮತ್ತೆ ಮತ್ತೆ ಮಾಡಿದನೋ, ಯಾವುದರಿಂದ ಮತ್ತೆ ಮತ್ತೆ ಕೈಯನ್ನು ಹಿಂದೆಗೆದನೋ, ಯಾರ ಮುಂದೆ ತಲೆಬಾಗಿದನೋ, ಯಾರ ಹಸಿವಿಗೆ ಕೈಚಾಚಿದನೋ, ಅದೆಲ್ಲವೂ ನರಗಳಲ್ಲಿ ಹಾದಿಯಾಗಿ, ಆಮೇಲೆ ಒಂದು ಗಳಿಗೆಯಲ್ಲಿ ಅರಿವಿಗಿಂತ ಮುಂಚೆ ಹೊರಹೊಮ್ಮುತ್ತದೆ. ದಾರಿಯಲ್ಲಿ ಎಡವಿದ ಮಗುವನ್ನು ಯೋಚಿಸದೆ ಹಿಡಿದವನನ್ನು ನಾವು ಹೊಗಳುತ್ತೇವೆ, ಯೋಚಿಸದೆ ಹೊಡೆದವನನ್ನು ದೂಷಿಸುತ್ತೇವೆ, ಎರಡೂ ಸರಿ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (೧೯೦೭–೨೦೧೯) ನೂರನ್ನು ದಾಟಿದ ವಯಸ್ಸಿನಲ್ಲಿಯೂ ಪೂಜೆ, ಮಕ್ಕಳ ಪ್ರಾರ್ಥನೆ, ದಾಸೋಹ ಎಂಬ ದಿನಚರಿಯನ್ನು ಬಿಡದಿದ್ದುದನ್ನು ನಾಡು ಕಂಡಿದೆ. ಆ ಮೈಯಲ್ಲಿ ಸಂಕಲ್ಪವು ಯಾವುದು, ಅಭ್ಯಾಸವು ಯಾವುದು ಎಂದು ಬೇರ್ಪಡಿಸುವುದು ಯಾರಿಂದಲೂ ಆಗದ ಮಾತು.

ಆದರೆ ಇಲ್ಲಿ ಒಂದು ವೇದನೆಯ ಪ್ರಶ್ನೆಯುಂಟು, ಅದನ್ನು ದಾಟಿಹೋಗುವುದು ಸರಿಯಲ್ಲ. ಐವತ್ತು ವರ್ಷ ಅಂಗೈಯಲ್ಲಿ ಲಿಂಗವನ್ನು ಹಿಡಿದ ಮುದುಕನಿಗೆ ಪಾರ್ಕಿನ್ಸನ್ ರೋಗವು ಬಂದಿತೆನ್ನಿ. ಮೆದುಳಿನ ಆಳದಲ್ಲಿ ಡೋಪಮೈನನ್ನು ಒದಗಿಸುವ ಕೋಶಗಳು ನಶಿಸುತ್ತ ಹೋದಂತೆ, ಚಲನೆಗೆ ಮುಂಚೆ ಕುಗ್ಗಬೇಕಾದ ಇನ್ನೊಂದು ಲಯವು, ಸೆಕೆಂಡಿಗೆ ೧೩ರಿಂದ ೩೦ರವರೆಗಿನದು, ಅತಿಯಾಗಿ ಬಲಿತು ನಿಲ್ಲುತ್ತದೆ. ಎದ್ದು ನಡೆಯಬೇಕೆಂದು ಮನಸ್ಸು ಮಾಡಿದರೂ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದು. ಸುಮ್ಮನಿರಬೇಕೆಂದರೆ ಕೈ ಸೆಕೆಂಡಿಗೆ ನಾಲ್ಕಾರು ಸಲ ನಡುಗುವುದು. ಲಿಂಗವನ್ನು ಇಟ್ಟುಕೊಂಡು ಕೈಯನ್ನು ಎತ್ತಿಹಿಡಿದರೆ ಕೆಲವು ಕ್ಷಣ ನಿಂತಂತಾಗಿ ನಡುಕವು ಮತ್ತೆ ತೊಡಗುವುದು. ಹೀಗೆ ನಡುಗುವ ಕೈಯನ್ನು ನೋಡಿಕೊಂಡು, ನನ್ನ ಪೂಜೆ ಕೆಟ್ಟಿತು, ನಾನೇನು ಪಾಪ ಮಾಡಿದ್ದೆನೋ ಎಂದು ಕಣ್ಣೀರು ಹಾಕುವ ಹಿರಿಯರು ನಮ್ಮ ನಡುವೆ ಇದ್ದಾರೆ. ಕರ್ತೃತ್ವವು ನರಗಳ ಹಾದಿಯಲ್ಲಿಯೇ ಇದೆಯೆಂದಾದರೆ, ಹಾದಿ ಕುಸಿದಾಗ ಕರ್ತೃವೂ ಕುಸಿದನೇ?

ಇಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ; ಅದಕ್ಕೆ ಆಧಾರವು ಇದೇ ಸೀಮೆಯ ಮಣ್ಣಿನಲ್ಲಿದೆ. ಕುಣಿಗಲು ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗಯತಿಗಳು ‘ಷಟ್ಸ್ಥಲ ಜ್ಞಾನಸಾರಾಮೃತ’ವೆಂಬ ತಮ್ಮ ೭೦೧ ವಚನಗಳಲ್ಲಿ ವಿಸ್ತರಿಸಿದ ಷಟ್ಸ್ಥಲ ದರ್ಶನದಲ್ಲಿ, ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗವೆಂದು ಹೇಳಲಾಗಿದೆ. ಮೂರೂ ಒಂದರ ರೂಪಗಳೇ. ದೇಹವನ್ನು ಹೊರಗಿಟ್ಟು ಪರತತ್ತ್ವವನ್ನು ಅರಸುವ ಹಾದಿ ಇದಲ್ಲ. ಜೀವವನ್ನೇ ಅಂಗವೆಂದು ಎಣಿಸಿ, ಲಿಂಗದೊಡನೆ ಅದರ ಸಾಮರಸ್ಯವನ್ನು ಗುರಿಯಾಗಿ ಹೇಳುವ ಹಾದಿ. ಅಂತಹ ದರ್ಶನದಲ್ಲಿ ನಡುಗುವ ಅಂಗವು ಲಿಂಗಕ್ಕೆ ಅಯೋಗ್ಯವಾಗುವುದು ಹೇಗೆ? ನಿರೋಗಿಯ ಕೈಯೂ ಕಂಪಿಸುತ್ತಲೇ ಇದೆಯೆಂಬುದನ್ನು ಶರೀರಶಾಸ್ತ್ರವು ತೋರಿಸಿಕೊಟ್ಟಿರುವಾಗ, ಎರಡು ಕೈಗಳಿಗೂ ಇರುವ ಅಂತರವು ನಡುಕದ ಬಗೆಯದು, ಯೋಗ್ಯತೆಯದಲ್ಲ. ಐವತ್ತು ವರ್ಷದ ಅರ್ಪಣೆಯು ಮೈಯ ಒಂದು ಹಾದಿಯಲ್ಲಿ ಮಾತ್ರ ಶೇಖರವಾಗಿರುವುದೂ ಇಲ್ಲ. ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದರೆ, ಅಥವಾ ತಾಳವನ್ನು ಕೇಳಿಸಿದರೆ, ಅಂಟಿನಿಂತ ಕಾಲು ಮತ್ತೆ ನಡೆಯತೊಡಗುವುದನ್ನು ಪಾರ್ಕಿನ್ಸನ್ ರೋಗಿಗಳ ಆರೈಕೆ ಮಾಡುವವರು ನಿತ್ಯವೂ ಕಾಣುತ್ತಾರೆ. ಒಂದು ದಾರಿ ಮುಚ್ಚಿದಾಗ ಮತ್ತೊಂದು ತೆರೆಯುವುದಕ್ಕೆ ಅದೇ ಸಾಕ್ಷಿ. ಆ ಮುದುಕನು ನಿಮ್ಹಾನ್ಸಿಗೆ ಹೋಗಿ ಔಷಧವನ್ನು ತೆಗೆದುಕೊಳ್ಳುವುದೂ, ಮನೆಯವರು ಮೊಣಕೈಗೆ ಆಸರೆಯನ್ನು ಕೊಟ್ಟು ಪೂಜೆಗೆ ಕೂರಿಸುವುದೂ, ಎರಡೂ ಮಾಡತಕ್ಕ ಕೆಲಸಗಳೇ.

ನಾನು ಏನನ್ನೂ ಮಾಡುವವನಲ್ಲ, ಇಂದ್ರಿಯಗಳು ವಿಷಯಗಳಲ್ಲಿ ವರ್ತಿಸುತ್ತವೆ ಎಂಬ ಅರಿವನ್ನು ಗೀತೆಯು ತತ್ತ್ವಜ್ಞಾನಿಯ ಲಕ್ಷಣವಾಗಿ ಹೇಳುತ್ತದೆ. ಲಿಬೆಟ್ಟನ ಪ್ರಯೋಗವು ಅದನ್ನೇ ಸಾಧಿಸಿತೆಂದು ಹೇಳುವ ಉತ್ಸಾಹವನ್ನು ಅಲ್ಲಲ್ಲಿ ಕಾಣುತ್ತೇನೆ. ನನಗೆ ಅದು ಒಪ್ಪಿಗೆಯಾಗದು. ಗೀತೆಯ ಮಾತು ಸಾಧನೆಯ ಕೊನೆಯಲ್ಲಿ ಬರತಕ್ಕದ್ದು, ಕರ್ಮವನ್ನು ಬಿಡದೆ ಫಲವನ್ನು ಬಿಟ್ಟವನ ಬಾಯಲ್ಲಿ ಬರತಕ್ಕದ್ದು. ತಪ್ಪು ಮಾಡಿದವನು ನಾನಲ್ಲ, ನನ್ನ ನರಗಳು ಎಂಬ ನುಡಿಯು ಅದೇ ಪದಗಳನ್ನು ಹೊತ್ತರೂ ಬೇರೆ ಮನಸ್ಸಿನ ನುಡಿ.

೨೦೦೯ರಲ್ಲಿ ಫ್ರಾನ್ಸಿನ ದೆಮುರ್ಜೆ, ಸಿರಿಗು ಮೊದಲಾದವರು ಪೆನ್‌ಫೀಲ್ಡನ ಪ್ರಯೋಗವನ್ನು ಇನ್ನೊಂದು ಮೆಟ್ಟಿಲು ಏರಿಸಿದರು. ಎಚ್ಚರವಾಗಿದ್ದ ರೋಗಿಗಳ ಮೆದುಳಿನ ಹಿಂಬದಿಯ ಒಂದು ಎಡೆಯನ್ನು ವಿದ್ಯುತ್ತು ಮುಟ್ಟಿದಾಗ ಅವರಿಗೆ ಕೈಯನ್ನೋ ತುಟಿಯನ್ನೋ ಆಡಿಸಬೇಕೆಂಬ ಬಲವಾದ ಬಯಕೆಯುಂಟಾಯಿತು. ವಿದ್ಯುತ್ತನ್ನು ಹೆಚ್ಚಿಸಿದಾಗ, ಸ್ನಾಯು ಎಳ್ಳಷ್ಟೂ ಅಲುಗದಿದ್ದರೂ, ತಾವು ಆಡಿಸಿಯೇಬಿಟ್ಟೆವೆಂದು ಅವರು ನಂಬಿದರು. ಮುಂಬದಿಯ ಇನ್ನೊಂದು ಎಡೆಯನ್ನು ಮುಟ್ಟಿದಾಗಲಾದರೋ ಅಂಗವು ಅಲುಗಿತು, ಅದು ಅವರ ಅರಿವಿಗೇ ಬರಲಿಲ್ಲ. ಪೆನ್‌ಫೀಲ್ಡನು ಇಚ್ಛೆಯನ್ನು ಹುಟ್ಟಿಸುವ ಎಡೆಯು ಮೆದುಳಿನಲ್ಲಿ ಸಿಗಲಿಲ್ಲವೆಂಬುದನ್ನು ಆಧಾರವಾಗಿಟ್ಟುಕೊಂಡು ಮನಸ್ಸು ಮೆದುಳಿಗಿಂತ ಬೇರೆಯೆಂದು ತನ್ನ ಕೊನೆಗಾಲದಲ್ಲಿ ವಾದಿಸಿದ್ದನು. ಆ ಆಧಾರವು ಈಗ ಉಳಿದಿಲ್ಲ. ನಮ್ಮವರಿಗೆ ಇದರಿಂದ ಗಾಬರಿಯಾಗಬೇಕಾದುದೇನೂ ಇಲ್ಲ. ಕಾಮ, ಸಂಕಲ್ಪ, ಸಂಶಯ, ಶ್ರದ್ಧೆ ಮೊದಲಾದುವೆಲ್ಲವೂ ಮನಸ್ಸೇ, ಎಂದರೆ ಒಂದು ಉಪಕರಣವೇ, ಎಂದು ಬೃಹದಾರಣ್ಯಕವು ಎಣಿಸಿ ಎಷ್ಟೋ ಶತಮಾನಗಳಾದುವು. ಮೆದುಳನ್ನು ಮುಟ್ಟಿ ಬಯಕೆಯನ್ನು ಹುಟ್ಟಿಸಬಹುದು. ಆದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹಾಗೆ ಹುಟ್ಟಿದ ಬಯಕೆಗೆ ಹಿಂದೆ ಯಾವ ಅಭ್ಯಾಸವೂ ಇರಲಿಲ್ಲ, ವಿದ್ಯುತ್ತನ್ನು ತೆಗೆದ ಮೇಲೆ ಆ ರೋಗಿಯು ಅದಕ್ಕಾಗಿ ಏನನ್ನೂ ಮಾಡಬೇಕಾಗಿಯೂ ಇರಲಿಲ್ಲ. ಗುಬ್ಬಿಯ ಬಾಲನಟನೊಬ್ಬನು ಇರುಳೆಲ್ಲ ನಿದ್ದೆಗೆಟ್ಟು ಒಂದು ಹೆಜ್ಜೆಯನ್ನು ಕಲಿತಾಗ ಹುಟ್ಟಿದ ಬಯಕೆಯು ಅಂತಹುದಾಗಿರಲಿಲ್ಲ. ಮರುದಿನವೂ ಅದಕ್ಕಾಗಿ ಅವನು ಏಳಬೇಕಾಗಿತ್ತು.